ಗೊರಬು ಕಲಿಸುವ ಪಾಠ

ಆಷಾಢದ ಮಳೆಯಲ್ಲಿ ಛತ್ರಿ ಹಿಡಿದು ಸಸಿ ನೆಡಬಹುದೆ? ಸಾಗರ, ಹೊಸನಗರ, ತೀರ್ಥಹಳ್ಳಿಗಳ ಗದ್ದೆಗಳನ್ನು ಬಲ್ಲವರು ಈ ಪ್ರಶ್ನೆಗೆ ನಗುವರು. ಎಡಗೈಯಲ್ಲಿ ಸಸಿಯ ಕಟ್ಟು, ಬಲಗೈ ಕೆಸರಿನಲ್ಲಿ. ಬೆನ್ನು ನೆಲಕ್ಕೆ ಬಹುಮಟ್ಟಿಗೆ ಸಮಾಂತರ. ಛತ್ರಿ ಹಿಡಿಯಲು ಮೂರನೆಯ ಕೈ ಬೇಕು. ಛತ್ರಿಯೇನೂ ಕೆಟ್ಟ ವಸ್ತುವಲ್ಲ. ನೆಟ್ಟಗೆ ನಿಂತು ನಡೆಯುವವರಿಗೆ ಅದು ತಕ್ಕುದು.

ಇದೇ ಗದ್ದೆಗಳಲ್ಲಿ ಹೆಂಗಸರು ಬಹುಕಾಲ ಬಳಸಿದ ಗೊರಬನ್ನು ನೋಡಿರಿ. ಬಿದಿರು ಸೀಳುಗಳ ಹೆಣಿಗೆಯ ನಡುವೆ ಎಲೆ ಹಾಸಿ ಮಾಡಿದ ಈ ಹೊದಿಕೆ ತಲೆಯನ್ನೂ ಬೆನ್ನನ್ನೂ ಒಟ್ಟಿಗೆ ಮುಚ್ಚುತ್ತದೆ. ಬಾಗಿದಾಗ ಅದರ ಭಾರವನ್ನು ಬೆನ್ನೇ ಹೊರುವುದರಿಂದ ಕೈಗಳೆರಡೂ ಬಿಡುವಾಗಿರುತ್ತವೆ. ಕಮಾನಿನಂಥ ಮೇಲ್ಮೈ ನೀರನ್ನು ಇಕ್ಕೆಲಗಳಿಗೆ ಇಳಿಸುತ್ತದೆ. ಗಡುಸಾದ ಹೆಣಿಗೆ ಮೈಗೆ ಅಂಟದೆ ಗಾಳಿಗೆ ಎಡೆಗೊಡುತ್ತದೆ. ತೊಡುವವರು ಯಾವ ಭಂಗಿಯಲ್ಲಿ ಏನು ಕೆಲಸ ಮಾಡುವರೆಂಬುದನ್ನು ಮೊದಲು ತಿಳಿಯಬೇಕು. ಇದೇ ವಿನ್ಯಾಸದ ಪ್ರಥಮ ಸೂತ್ರ.

ಆದರೂ ಪ್ಲಾಸ್ಟಿಕ್ ಕೊಪ್ಪೆ ಬಂದ ಮೇಲೆ ಗೊರಬು ಹಿಂದೆ ಸರಿಯಿತು. ಪ್ಲಾಸ್ಟಿಕ್ ಅಗ್ಗ, ಹಗುರ, ಮಡಿಚಿಡಬಹುದು. ಗೊರಬಿಗಾದರೋ ಹೆಣೆಯಬಲ್ಲವರೂ ಬೇಕು, ಇಡಲು ಜಾಗವೂ ಬೇಕು. ಬಳಸುವವರು ಬೆಲೆ, ಭಾರ, ಸೌಕರ್ಯಗಳನ್ನು ಒಟ್ಟಿಗೆ ತೂಗಿ ನೋಡುತ್ತಾರೆಂಬುದು ಎರಡನೆಯ ಸೂತ್ರ.

ವಸ್ತುವು ಮೈಗೆ ಹೊಂದಿದರೆ ಸಾಲದು, ಮನಸ್ಸಿಗೂ ಹೊಂದಬೇಕು. ಪ್ರಯೋಗಶಾಲೆಯಲ್ಲಿ ತಪ್ಪು ಗುಂಡಿ ತಿರುಗಿಸಿದ ವಿದ್ಯಾರ್ಥಿಯನ್ನು ನಾನು ದಡ್ಡನೆಂದು ಗದರಿದ್ದುಂಟು. ಆದರೆ ನಿತ್ಯ ಪಾಠ ಹೇಳುವ ಕೊಠಡಿಯಲ್ಲಿ ಫ್ಯಾನು ಹಾಕಹೋಗಿ ದೀಪ ಹಾಕುವವನೂ ನಾನೇ. ತಪ್ಪು ಯಾರದು?

1959ರಲ್ಲಿ ಅಮೆರಿಕದ ಚಪಾನಿಸ್ ಮತ್ತು ಲಿಂಡೆನ್‌ಬಾಮ್ ಎಂಬವರು ನಾಲ್ಕು ಉರಿಗಳ ಒಲೆಯನ್ನು ನಾಲ್ಕು ವಿನ್ಯಾಸಗಳಲ್ಲಿ ಪರೀಕ್ಷಿಸಿದರು. ಒಂದರಲ್ಲಿ ಹಿಂದಿನ ಉರಿಗಳನ್ನು ಪಕ್ಕಕ್ಕೆ ಸರಿಸಿ, ಗುಂಡಿಗಳ ಸಾಲಿಗೂ ಉರಿಗಳಿಗೂ ಎಡದಿಂದ ಬಲಕ್ಕೆ ಒಂದೇ ಕ್ರಮವನ್ನು ಕೊಟ್ಟಿದ್ದರು. ಅದರಲ್ಲಿ ಯಾರೂ ತಪ್ಪಲಿಲ್ಲ. ಉಳಿದವುಗಳಲ್ಲಿ ಅಂಥ ಜನರೇ ಮತ್ತೆ ಮತ್ತೆ ತಪ್ಪಿದರು. ಇದನ್ನು ಓದಿದ ಮೇಲೆ, ಗದರುವ ಮುನ್ನ ಉಪಕರಣವನ್ನೊಮ್ಮೆ ನೋಡುವುದನ್ನು ನಾನು ಕಲಿತೆ.

ಪರೀಕ್ಷಿಸಿ ತಿದ್ದುವುದು ಮೂರನೆಯ ಸೂತ್ರ. ನೀವೂ ಮಾಡಿ ನೋಡಿರಿ. ನಿಮ್ಮ ತರಗತಿಯನ್ನು ಅರಿಯದ ಐವರನ್ನು ಕರೆದು, ನೀವು ಹೇಳಿದ ದೀಪ, ಫ್ಯಾನುಗಳನ್ನು ಹಾಕಿಸಿರಿ; ತಪ್ಪುಗಳನ್ನು ಎಣಿಸಿರಿ. ಬಳಿಕ ಕೊಠಡಿಯ ಪುಟ್ಟ ನಕ್ಷೆ ಬರೆದು, ಪ್ರತಿಯೊಂದಕ್ಕೂ ಅದರ ಸ್ವಿಚ್ಚಿನ ಸಂಖ್ಯೆಯನ್ನು ಕೊಟ್ಟು, ಸ್ವಿಚ್ಚುಗಳ ಪಕ್ಕದಲ್ಲಿ ಅಂಟಿಸಿ, ಬೇರೆ ಐವರಿಂದ ಮಾಡಿಸಿರಿ. ಮೊದಲಿನವರನ್ನೇ ಕರೆಯಬಾರದು, ಅವರು ಆಗಲೇ ಕಲಿತಿರುತ್ತಾರೆ. ಎರಡು ಎಣಿಕೆಗಳನ್ನು ಹೋಲಿಸಿದರೆ, ತಪ್ಪು ಎಷ್ಟರಮಟ್ಟಿಗೆ ಹಲಗೆಯದೆಂದು ನಿಮಗೇ ತಿಳಿದೀತು.