ಸಿಂಥ್‌ನಲ್ಲಿ ಪಿಟೀಲು ನುಡಿಸಬೇಕೆ? ಆರು ಸೂತ್ರಗಳು

ಕಾರವಾರ, ಅಂಕೋಲಾಗಳ ಗಣೇಶೋತ್ಸವದ ರಸಮಂಜರಿಯಲ್ಲಿ ಪಿಟೀಲಿನ ತುಣುಕು ಬಂತೆಂದರೆ ಅದು ಕೀಬೋರ್ಡಿನವರ ಪಾಲು. ಆದರೆ ಕಾಳಿ ಸೇತುವೆ ದಾಟಿದರೆ ಗೋವಾ ದೂರವಿಲ್ಲ. ಮುಂಬಯಿ ಸಿನಿಮಾ ವಾದ್ಯವೃಂದಗಳಿಗೆ ಪಿಟೀಲುಗಾರರನ್ನು ಸಾಲುಗಟ್ಟಿ ಕಳಿಸಿದ ನೆಲವದು. ಸಂಗೀತ ನಿರ್ದೇಶಕ ಪ್ಯಾರೇಲಾಲ್‌ಗೆ ಪಿಟೀಲು ಕಲಿಸಿದ ಆಂಥನಿ ಗೊನ್ಸಾಲ್ವಿಸ್ ಅಲ್ಲಿನ ಮಜೋರ್ಡಾದವರು. ಇಂಥ ನೆರೆಹೊರೆಯ ಕಿವಿಗಳಿಗೆ ಟೋಪಿ ಹಾಕುವುದು ಸುಲಭವಲ್ಲ. ಅನಲಾಗ್ ಸಿಂಥಸೈಜರ್ ಇರುವವರು ಹೀಗೆ ಮಾಡಿ ನೋಡಿ.

1. ಒಂದೇ ಆಸಿಲೇಟರ್, ಸಾಟೂತ್ ತರಂಗ. ಕಮಾನು ಎಳೆದಾಗ ತಂತಿ ಅದಕ್ಕೆ ಅಂಟಿ, ಜಾರಿ, ಮತ್ತೆ ಅಂಟುತ್ತದೆ. 19ನೇ ಶತಮಾನದಲ್ಲೇ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ವಿವರಿಸಿದ ಈ ಚಲನೆ ಪಿಟೀಲಿನ ಕುದುರೆಯ (ಬ್ರಿಜ್) ಮೇಲೆ ಹಾಕುವ ಬಲದ ಆಕಾರ ಗರಗಸದ ಹಲ್ಲಿನದೇ. ಎರಡು ಆಸಿಲೇಟರ್‌ಗಳನ್ನು ಚೂರು ಶ್ರುತಿ ತಪ್ಪಿಸಿ ಸೇರಿಸಿದರೆ ಪಿಟೀಲುಗಳ ಗುಂಪು ಕೇಳುತ್ತದೆ, ಒಂಟಿ ಪಿಟೀಲಲ್ಲ.

2. ಮರದ ಪೆಟ್ಟಿಗೆಯನ್ನು ಮರೆಯಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ. ಸಿಂಥ್‌ನ ಫಿಲ್ಟರ್ ಕೀಲಿಯ ಜೊತೆ ಮೇಲೆ ಕೆಳಗೆ ಓಡಬಲ್ಲದು. ಪಿಟೀಲಿನ ಪೆಟ್ಟಿಗೆಯ ಅನುರಣನ ಇದ್ದಲ್ಲೇ ಇರುತ್ತದೆ. ಒಳಗಿನ ಗಾಳಿಯದು ಸುಮಾರು 280 ಹರ್ಟ್ಸ್, ಮರದ್ದು 400–550ರ ಆಸುಪಾಸು, ಕುದುರೆಯ ಹೊಳಪು 2,000–3,000. ಈ ಮೂರನ್ನೂ ಪ್ಯಾರಾಮೆಟ್ರಿಕ್ ಈಕ್ವಲೈಜರ್‌ನಲ್ಲಿ ಎತ್ತಿ, ಹಾಗೇ ಬಿಡಿ. ಸ್ವರ ಬದಲಾದಂತೆ ನಾದದ ಬಣ್ಣವೂ ತಾನಾಗಿ ಬದಲಾಗುತ್ತದೆ. ನಾಬ್ ತಿರುಗಿಸುವ ಸಮಯದಲ್ಲಿ ಅರ್ಧ ಇದಕ್ಕೇ ಮೀಸಲಿಡಿ.

3. ಕಮಾನಿನ ಒತ್ತಡ ಕಾಲಿನಲ್ಲಿರಲಿ. ಅಟ್ಯಾಕ್ 50–100 ಮಿಲಿಸೆಕೆಂಡ್ ಸಾಕು. ಎಕ್ಸ್‌ಪ್ರೆಶನ್ ಪೆಡಲ್ ಒತ್ತಿದಾಗ ದನಿ ಏರಬೇಕು, ಫಿಲ್ಟರೂ ತೆರೆಯಬೇಕು. ಬರೀ ದನಿ ಏರಿದರೆ ಅದು ರೇಡಿಯೊದ ವಾಲ್ಯೂಮ್ ತಿರುಗಿಸಿದ ಹಾಗೆ. ಕೇಳಿಯೂ ಕೇಳದಷ್ಟು ನಾಯ್ಸ್ ಬೆರೆಸಿ.

4. ಕಂಪನ ತಡವಾಗಿ ಬರಲಿ. ಸೆಕೆಂಡಿಗೆ ಐದಾರು ಬಾರಿ, ಅದೂ ಉದ್ದ ಸ್ವರಗಳಿಗೆ ಮಾತ್ರ. ಹಿಂದೂಸ್ತಾನಿ ಕೇಳಿ ಬೆಳೆದ ಉತ್ತರ ಕನ್ನಡಕ್ಕೆ ಕಂಪನಕ್ಕಿಂತ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಮುಖ್ಯ: ಮೊನೊಫೋನಿಕ್, ಲೆಗಾಟೊ, ಎಡಗೈ ಪಿಚ್ ಬೆಂಡ್ ಮೇಲೆ. ಕೀಲಿಮಣೆಯಿಂದ ಇದಾಗದು ಎನ್ನಬೇಡಿ. 1954ರ ಹಿಂದಿ ಚಿತ್ರ 'ನಾಗಿನ್'ನ ಪುಂಗಿಯ ನಾದ, ಮುಂದೆ ಸಂಗೀತ ನಿರ್ದೇಶಕರಾದ ಕಲ್ಯಾಣ್‌ಜೀ ಅವರ ಕ್ಲಾವಿಯೋಲಿನ್ ಎಂಬ ಎಲೆಕ್ಟ್ರಾನಿಕ್ ಕೀಲಿಮಣೆಯಿಂದ ಬಂದದ್ದು. ದೇಶವೇ ಅದಕ್ಕೆ ತಲೆದೂಗಿತು.

5. 196 ಹರ್ಟ್ಸ್‌ನ 'ಜಿ'ಗಿಂತ ಕೆಳಗಿಳಿಯಬೇಡಿ. ಸಾಮಾನ್ಯ ಶ್ರುತಿಯ ಪಿಟೀಲಿನಲ್ಲಿ ಅದಕ್ಕಿಂತ ಕೆಳಗೆ ಸ್ವರವೇ ಇಲ್ಲ.

6. ಅರ್ಧ ಗಂಟೆ ಮೊದಲೇ ಸ್ವಿಚ್ ಹಾಕಿ. ಹಳೆಯ ಆಸಿಲೇಟರ್‌ಗಳು ಬಿಸಿಯಾಗುವವರೆಗೆ ಶ್ರುತಿಯಲ್ಲಿ ನಿಲ್ಲುವುದಿಲ್ಲ. ಕಾರವಾರದ ಟ್ಯಾಗೋರ್ ಕಡಲತೀರದಂಥ ಬಯಲು ವೇದಿಕೆಯಲ್ಲಿ ಸಂಜೆಗಾಳಿ ಬೀಸಿದ ಮೇಲೆ ಇನ್ನೊಮ್ಮೆ ಶ್ರುತಿ ನೋಡಿ. ಉಪ್ಪುಗಾಳಿಗೆ ನಾಬ್‌ಗಳು ಕರಕರ ಎನ್ನುವುದುಂಟು. ಕಾರ್ಯಕ್ರಮ ಮುಗಿದೊಡನೆ ಮುಚ್ಚಿಡಿ.

ಇಷ್ಟೆಲ್ಲ ಮಾಡಿದ ಮೇಲೂ, ತಂಡದಲ್ಲಿ ನಿಜವಾದ ಪಿಟೀಲುಗಾರರು ಒಬ್ಬರಿದ್ದರೆ ಸೋಲೊ ಅವರಿಗೇ ಬಿಟ್ಟುಕೊಡಿ.