ಡೈವೋರ್ಸ್ ಆಯ್ತು, ಕಂತು ಯಾರದು?

ವಿಚ್ಛೇದನದ ಅರ್ಜಿಗೆ ಸಹಿ ಹಾಕುವ ಮುಂಚೆ ನಾನು ಬ್ಯಾಂಕಿಗೆ ಹೋಗಿದ್ದೆ. ದಾವಣಗೆರೆಯ ದೇವರಾಜ ಅರಸು ಬಡಾವಣೆಯ ನಮ್ಮ ಮನೆ ಇಬ್ಬರ ಹೆಸರಲ್ಲಿತ್ತು, ಗೃಹಸಾಲವೂ ಇಬ್ಬರ ಹೆಸರಲ್ಲೇ. ಮನೆ ಗಂಡನಿಗಿರಲಿ, ಸಾಲದಿಂದ ನನ್ನ ಹೆಸರು ತೆಗೆಯಿರಿ ಎಂದೆ. ಮ್ಯಾನೇಜರು ಫೈಲಿನಿಂದ ತಲೆ ಎತ್ತದೆ, "ಮೇಡಂ, ಡೈವೋರ್ಸ್ ನಿಮಗೂ ಕೋರ್ಟಿಗೂ ಬಿಟ್ಟಿದ್ದು. ನಮಗೆ ನೀವಿಬ್ಬರೂ ಸಾಲಗಾರರೇ" ಎಂದರು.

ಮಾತು ಒರಟಾಗಿದ್ದರೂ ಸತ್ಯವೇ. ಸಾಲಪತ್ರ ನಮ್ಮಿಬ್ಬರಿಗೂ ಬ್ಯಾಂಕಿಗೂ ಆದ ಕರಾರು. ಕೌಟುಂಬಿಕ ನ್ಯಾಯಾಲಯದ ಡಿಕ್ರಿಯಿಂದ ಅದು ತಾನಾಗಿ ರದ್ದಾಗುವುದಿಲ್ಲ. ಮಾಜಿ ಗಂಡ ಕಂತು ತಪ್ಪಿಸಿದರೆ ಹೆಂಡತಿಯ ಸಿಬಿಲ್ ಸ್ಕೋರೂ ಬೀಳುತ್ತದೆ. ಕೊನೆಗೆ ನನ್ನ ಗಂಡ ತಮ್ಮ ಸಂಬಳದ ಮೇಲೆ ಬೇರೆ ಸಾಲ ಪಡೆದು ಹಳೆಯದನ್ನು ತೀರಿಸಿದರು. ನಾನು ಕಟ್ಟಿದ್ದ ಕಂತಿನ ಹಣ ಕೈಗೆ ಬಂದ ಮೇಲೆ ಉಪನೋಂದಣಿ ಕಚೇರಿಯಲ್ಲಿ ಹಕ್ಕು ಖುಲಾಸೆ ಪತ್ರ ಬರೆದುಕೊಟ್ಟೆ. ಇದನ್ನು ಡಿಕ್ರಿಗೆ ಮುಂಚೆಯೇ ಮಾಡಿಕೊಳ್ಳುವುದು ಜಾಣತನ. ಕುಟುಂಬದವರ ನಡುವಿನ ಖುಲಾಸೆ ಪತ್ರಕ್ಕೆ ನಮ್ಮ ರಾಜ್ಯದಲ್ಲಿ ಮುದ್ರಾಂಕ ಶುಲ್ಕ ಕಡಿಮೆ. ಡಿಕ್ರಿ ಬಂದ ಮೇಲೆ ಗಂಡ ಹೆಂಡತಿ ಒಂದು ಕುಟುಂಬವಲ್ಲ.

ಹರಿಹರದ ನಮ್ಮ ದೊಡ್ಡಮ್ಮ ಮಾತ್ರ "ಅರ್ಧ ಆಸ್ತಿ ನಿಂದೇ ಕಣೇ, ಬಿಡಬೇಡ" ಎನ್ನುತ್ತಲೇ ಇದ್ದರು. ಸಿನಿಮಾ ನೋಡಿ ಬಹಳ ಜನ ಹೀಗೇ ನಂಬಿದ್ದಾರೆ. ಮದುವೆಯಾದ ಮೇಲೆ ಗಳಿಸಿದ್ದರಲ್ಲಿ ಸಮಪಾಲು ಎನ್ನುವ ಪದ್ಧತಿ ಪಕ್ಕದ ಗೋವಾದಲ್ಲಿದೆ, ಪೋರ್ಚುಗೀಸರ ಕಾಲದ ಸಿವಿಲ್ ಸಂಹಿತೆಯಿಂದ ಬಂದದ್ದು. ನಮ್ಮಲ್ಲಿ ಅದಿಲ್ಲ. ಪತ್ರ ಯಾರ ಹೆಸರಲ್ಲಿದೆ, ದುಡ್ಡು ಯಾರು ಹಾಕಿದರು ಎನ್ನುವುದೇ ಮುಖ್ಯ. ಕಂತು ನಿಮ್ಮ ಖಾತೆಯಿಂದ ಹೋಗಿದ್ದರೆ ಪಾಸ್‌ಬುಕ್ ಪ್ರತಿ ಜೋಪಾನ.

ಬಂಗಾರದ ವಿಷಯ ಬೇರೆ. ತವರಿನವರು, ಅತ್ತೆ ಮನೆಯವರು, ನೆಂಟರು ಹೆಣ್ಣಿಗೆಂದು ಕೊಟ್ಟದ್ದು ಸ್ತ್ರೀಧನ, ಅದು ಪೂರ್ತಿ ಅವಳದೇ. ದಾವಣಗೆರೆ ಇನ್ನೂ ಹಳೆ ಮೈಸೂರು ಸಂಸ್ಥಾನದಲ್ಲಿದ್ದಾಗ, 1933ರಲ್ಲೇ, ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆಯೊಂದು ಸ್ತ್ರೀಧನವನ್ನು ವಿವರವಾಗಿ ಗುರುತಿಸಿತ್ತು. 2024ರ ಏಪ್ರಿಲ್‌ನಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 89 ಪವನು ಚಿನ್ನ ಕಳೆದುಕೊಂಡ ಹೆಂಡತಿಗೆ 25 ಲಕ್ಷ ರೂಪಾಯಿ ಕೊಡಿಸಿತು. ಕಷ್ಟಕಾಲಕ್ಕೆ ಗಂಡ ಸ್ತ್ರೀಧನ ಬಳಸಿಕೊಂಡರೂ ಹಿಂದಿರುಗಿಸುವುದು ಅವನ ಹೊಣೆ ಎಂದಿತು. ನನ್ನನ್ನು ಕಾಪಾಡಿದ್ದು ಅಮ್ಮನ ಲೆಕ್ಕದ ಪುಸ್ತಕ: ಅವಲಕ್ಕಿ ಸರ, ಜುಮುಕಿ, ಎರಡು ಜೊತೆ ಬಳೆ, ಒಂದೊಂದರ ತೂಕ, ಹಾಳೆಗೆ ಗುಂಡುಸೂಜಿ ಚುಚ್ಚಿದ ಮಂಡಿಪೇಟೆಯ ಬಿಲ್ಲು. ವಕೀಲರು ಅದನ್ನು ನೋಡಿದ ಮೇಲೆ ಬಂಗಾರದ ಬಗ್ಗೆ ಯಾರೂ ತಕರಾರು ತೆಗೆಯಲಿಲ್ಲ.

ಜೀವನಾಂಶಕ್ಕೆ ನಿಗದಿತ ದರವಿಲ್ಲ. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ರಜನೇಶ್ ವಿರುದ್ಧ ನೇಹಾ ತೀರ್ಪು ಬಂದ ಮೇಲೆ ಇಬ್ಬರೂ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಲೇಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ಹಾಗೆಂದು ಬಾಯಿಗೆ ಬಂದಷ್ಟು ಕೇಳುವಂತಿಲ್ಲ. 2024ರಲ್ಲಿ ತಿಂಗಳಿಗೆ 6,16,300 ರೂಪಾಯಿ ಕೇಳಿದ ಮಹಿಳೆಗೆ ಕರ್ನಾಟಕ ಹೈಕೋರ್ಟ್, ಅಷ್ಟು ಖರ್ಚು ಮಾಡಬೇಕಿದ್ದರೆ ದುಡಿಯಲಿ ಎಂದು ಹೇಳಿತ್ತು. ರೇಷನ್, ಬಾಡಿಗೆ, ಶಾಲೆ ಫೀಜು, ಔಷಧಿ ಎಲ್ಲಕ್ಕೂ ರಸೀದಿ ಇಟ್ಟು ಕೇಳಿದರೆ ಕೋರ್ಟು ಕಿವಿಗೊಡುತ್ತದೆ. ತಿಂಗಳ ಜೀವನಾಂಶ ಸಾಮಾನ್ಯವಾಗಿ ಆದಾಯ ತೆರಿಗೆಗೆ ಒಳಪಡುತ್ತದೆ, ಇಡಿಗಂಟಾಗಿ ಬಂದದ್ದು ಸಾಮಾನ್ಯವಾಗಿ ಒಳಪಡುವುದಿಲ್ಲ. ಮಕ್ಕಳ ಪಾಲನ್ನು ಬಿಟ್ಟುಕೊಡುವ ಅಧಿಕಾರ ಮಾತ್ರ ತಂದೆತಾಯಿಗಿಲ್ಲ, ಒಪ್ಪಂದದಲ್ಲಿ ಏನೇ ಬರೆದಿರಲಿ.

ಹಿಂದೂ ವಿವಾಹ ಕಾಯ್ದೆಯಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಮೊದಲು ಒಂದು ವರ್ಷ ಬೇರೆ ಇರಬೇಕು. ಅರ್ಜಿ ಹಾಕಿದ ಮೇಲೆ ಮತ್ತೆ ಆರು ತಿಂಗಳು ಕಾಯಬೇಕು. ಎಲ್ಲ ಇತ್ಯರ್ಥವಾಗಿದ್ದರೆ ಆ ಕಾಯುವ ಅವಧಿಯನ್ನು ಕೋರ್ಟು ಮನ್ನಾ ಮಾಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆತುರ ಬೇಡ. ಲೆಕ್ಕ ಚುಕ್ತಾ ಮಾಡಿಕೊಳ್ಳಲು ಸಿಗುವ ಸಮಯವೇ ಅದು. ಜಂಟಿ ಖಾತೆ ಮುಚ್ಚಿ, ಲಾಕರ್ ಬೇರೆ ಮಾಡಿ. ವಿಮೆ, ಪಿ.ಎಫ್., ಠೇವಣಿಗಳ ನಾಮಿನಿ ತಾನಾಗಿ ಬದಲಾಗುವುದಿಲ್ಲ, ನೀವೇ ಅರ್ಜಿ ಕೊಡಬೇಕು.

ವಕೀಲರ ಫೀಜಿಗೆ ಹೆದರಿ ಕೈಕಟ್ಟಿ ಕೂರಬೇಡಿ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಕೊಟ್ಟ ಹಕ್ಕು ಅದು. ಸಹಾಯವಾಣಿ 15100. ಸಹಿ ಹಾಕುವ ಮುಂಚೆ ಅಲ್ಲಿಗೊಂದು ಫೋನ್ ಮಾಡಿ.