ವೇಗವಿದ್ದರೂ ಮಾತು ತುಂಡಾಗುವುದೇಕೆ?

ಪ್ರಶ್ನೆ: ಮಳವಳ್ಳಿ ಹತ್ತಿರದ ಹಳ್ಳಿ, ಹಳೆಯ ತೊಟ್ಟಿಮನೆ. ಫೈಬರ್ ಸಂಪರ್ಕದ ವೇಗ ಚೆನ್ನಾಗಿದೆ. ಆದರೂ ಮಗಳ ಆನ್‌ಲೈನ್ ತರಗತಿಯಲ್ಲಿ ಧ್ವನಿ ಕಡಿದುಹೋಗುತ್ತದೆ. ರೂಟರ್ ಬದಲಿಸಬೇಕೆ?

ಉತ್ತರ: ಈಗಲೇ ದುಡ್ಡು ಹಾಕಬೇಡಿ. ನೀವು ಹೇಳುವ ಲಕ್ಷಣ ನೋಡಿದರೆ ಡೇಟಾ ಪ್ಯಾಕೆಟ್‌ಗಳು ದಾರಿಯಲ್ಲಿ ಕಳೆದುಹೋಗುತ್ತಿರಬಹುದು. ಎಲ್ಲಿ ಎಂಬುದನ್ನು ಮೊದಲು ಪತ್ತೆಮಾಡಿ.

ಲ್ಯಾಪ್‌ಟಾಪ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ರೂಟರ್‌ನ ವಿಳಾಸಕ್ಕೆ (ಬಹಳ ಕಡೆ 192.168.1.1) 50 ಸಲ ಪಿಂಗ್ ಮಾಡಿ. ಆಮೇಲೆ ಹೊರಗಿನ ಇಂಟರ್ನೆಟ್ ವಿಳಾಸವಾದ 8.8.8.8ಕ್ಕೂ ಅಷ್ಟೇ ಸಲ ಮಾಡಿ. ಮೊದಲನೆಯದರಲ್ಲೇ ನಷ್ಟ ಕಂಡರೆ ದೋಷ ಮನೆಯೊಳಗಿನ ವೈಫೈನದು. ಎರಡನೆಯದರಲ್ಲಿ ಮಾತ್ರ ಕಂಡರೆ ಹೊರಗಿನ ಲೈನನ್ನು ಅನುಮಾನಿಸಿ. ಲ್ಯಾನ್ ಕೇಬಲ್ ಸಿಕ್ಕಿಸಿ ಇನ್ನೊಮ್ಮೆ ನೋಡಿದರೆ ಖಾತ್ರಿಯಾಗುತ್ತದೆ.

ವೈಫೈ ದೋಷವಾದರೆ ಗೋಡೆಗಳನ್ನು ಗಮನಿಸಿ: ನಿಮ್ಮಂಥ ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆಗಳು 5 ಗಿಗಾಹರ್ಟ್ಸ್ ಸಿಗ್ನಲ್ ಅನ್ನು ಬಹಳಷ್ಟು ಹೀರಿಕೊಳ್ಳುತ್ತವೆ. ರೂಟರ್ ಕೋಣೆಯೊಳಗೆ ಬೀರುವಿನ ಪಕ್ಕದಲ್ಲಿದ್ದರೆ ಅಲ್ಲಿಂದ ತೆಗೆದು, ತೊಟ್ಟಿಯ ಕಡೆಗೆ ತೆರೆದ ಪಡಸಾಲೆಯಲ್ಲಿ, ಮಳೆಯ ಎರಚಲು ತಾಗದಂತೆ ಎತ್ತರದಲ್ಲಿಡಿ. ದೂರದ ಕೋಣೆಗೆ 2.4 ಗಿಗಾಹರ್ಟ್ಸ್ ಮೇಲು. ಮಂಡ್ಯ, ಮದ್ದೂರಿನ ಒತ್ತೊತ್ತಾದ ಬೀದಿಗಳಲ್ಲಿರುವವರು 2.4 ಗಿಗಾಹರ್ಟ್ಸ್‌ನಲ್ಲಿ 1, 6, 11ನೇ ಚಾನೆಲ್‌ಗಳ ಪೈಕಿ ನೆರೆಮನೆಯವರು ಕಡಿಮೆ ಬಳಸುವುದನ್ನು ಆರಿಸಿಕೊಳ್ಳಿ.

ಹೊರಗಿನ ದೋಷವಾದರೆ ಫೈಬರ್ ತಂತಿ ಎಲ್ಲಾದರೂ ಚೂಪಾಗಿ ಮಡಚಿದೆಯೇ, ಫೈಬರ್ ಬಂದು ಸೇರುವ ಪೆಟ್ಟಿಗೆಯಲ್ಲಿ ಕೆಂಪು ದೀಪ ಉರಿಯುತ್ತಿದೆಯೇ ನೋಡಿ. ತಂತಿಯ ತುದಿಗೆ ಕಣ್ಣಿಡಬೇಡಿ, ಅದರಲ್ಲಿ ಲೇಸರ್ ಬೆಳಕಿರುತ್ತದೆ. ಬೆಳಗ್ಗೆ, ಸಂಜೆ ಮಾಡಿದ ಪಿಂಗ್‌ನ ಫಲಿತಾಂಶವನ್ನು ಫೋಟೊ ತೆಗೆದು ಕಂಪನಿಗೆ ದೂರು ಕೊಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಸಾಕ್ಷಿ ಸಮೇತ ಕೇಳುವ ಗ್ರಾಹಕರನ್ನು ಸುಮ್ಮನೆ ಸಾಗಹಾಕುವುದು ಕಷ್ಟ.